ಪ್ರಧಾನಿಯವರ ಮನೆಯ ಚರಿತ್ರೆ ಓದಿದ ಮಧ್ಯಾಹ್ನ

ಸತ್ತವರು ಬಂದರು, ಮಾತಾಡಿದರು ಎಂಬಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಸುಮ್ಮನೆ ಕೇಳುವ ಸ್ವಭಾವ ಆಗ ನನ್ನದಾಗಿರಲಿಲ್ಲ. ಎದ್ದು ಹೋಗಿದ್ದರೂ ಮರ್ಯಾದೆ ಉಳಿಯುತ್ತಿತ್ತು. ನಾನು ಕೂತು ವಾದಕ್ಕೆ ಇಳಿಯುತ್ತಿದ್ದೆ. ನಾನು ಕಲಿಸುತ್ತಿದ್ದ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ತೀರಿಹೋದ ಅಜ್ಜಿ ಅವರ ಕನಸಿನಲ್ಲಿ ಬಂದು, ಕಳೆದುಹೋಗಿದ್ದ ಬೀಗದಕೈ ಎಲ್ಲಿದೆ ಎಂದು ಹೇಳಿ ಹೋದರಂತೆ. ‘ಪಾಪ, ಅಜ್ಜಿಗೆ ಅಲ್ಲಿ ಬೇರೆ ಕೆಲಸ ಇರಲಿಲ್ಲವೇ ಸಾರ್?’ ಎಂದು ಎಲ್ಲರ ಎದುರು ಕೇಳಿಬಿಟ್ಟೆ. ಆ ಮನುಷ್ಯ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ನಾನು ಹೆಮ್ಮೆ ಪಟ್ಟುಕೊಂಡೆ. ವಯಸ್ಸು ಅಂಥದ್ದು.

ಇಂದಿಗೂ ದೆವ್ವ ಭೂತಗಳನ್ನು ನಂಬುತ್ತೇನೆ ಎಂದು ಬರೆದುಕೊಡಲು ನಾನು ತಯಾರಿಲ್ಲ. ಆದರೆ ನನಗೇ ಆದ ಒಂದು ಅನುಭವವನ್ನು ಎಷ್ಟು ತಿರುಗಿಸಿ ನೋಡಿದರೂ ಅದರ ತಲೆಬುಡ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೆ ನಗು ಬಂದರೆ ಧಾರಾಳವಾಗಿ ನಗಿ. ಡ್ರಾಯಿಂಗ್ ಮೇಷ್ಟ್ರಿಗಾದರೂ ಸಮಾಧಾನವಾದೀತು.

ಐವತ್ತರ ದಶಕದ ಮಾತು. ಮಾಗಡಿ ರಸ್ತೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ನಾನು ಲೆಕ್ಕ ಮತ್ತು ಚರಿತ್ರೆ ಕಲಿಸುತ್ತಿದ್ದೆ. ಆಗಿನ್ನೂ ಮದುವೆಯಾಗಿರಲಿಲ್ಲ. ಅತ್ತಿಗುಪ್ಪೆಯಲ್ಲಿ ಮುನಿಯಪ್ಪ ಎಂಬ ರೈತರ ಮನೆಯ ಜಗಲಿಗೆ ಹೊಂದಿಕೊಂಡ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಈಗ ವಿಜಯನಗರ ಅನ್ನುವುದೆಲ್ಲ ಆಗ ರಾಗಿ ಹೊಲ, ಅವರೆ ಹೊಲ. ಬೆಳಿಗ್ಗೆ ಸೈಕಲ್ ಹತ್ತಿ ಹೊರಟರೆ ಮಾರೇನಹಳ್ಳಿಯ ನಾಯಿಗಳು ಒಂದಿಷ್ಟು ದೂರ ಅಟ್ಟಿಸಿಕೊಂಡು ಬಂದು, ಸಂಜೆಗೆ ಇನ್ನೊಂದಿಷ್ಟು ಉಳಿಸಿಕೊಂಡು ಹಿಂತಿರುಗುತ್ತಿದ್ದವು.

ಆ ವರ್ಷ ಅವೆನ್ಯೂ ರಸ್ತೆಯ ಒಬ್ಬ ಪ್ರಕಾಶಕರು ಮಕ್ಕಳಿಗಾಗಿ ಸಣ್ಣ ಸಣ್ಣ ಪುಸ್ತಕಗಳನ್ನು ಹೊರಡಿಸುತ್ತಿದ್ದರು. ದೆಹಲಿಯಲ್ಲಿ ಪ್ರಧಾನಿಯವರು ವಾಸವಾಗಿರುವ ಮನೆಯ ಚರಿತ್ರೆಯನ್ನು ನಲವತ್ತು ಪುಟದಲ್ಲಿ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ನಾನು ದೆಹಲಿ ನೋಡಿರಲಿಲ್ಲ. ಅರಸೀಕೆರೆ ದಾಟಿದವನೇ ಅಲ್ಲ. ಆದರೂ ಒಪ್ಪಿಕೊಂಡೆ. ಅಕ್ಕನ ಗಂಡ ದೆಹಲಿಯಲ್ಲಿ ಗುಮಾಸ್ತರಾಗಿದ್ದರು. ಅವರಿಗೆ ಕಾಗದ ಬರೆದು, ಅವರು ಕಳಿಸಿದ ಪತ್ರಿಕೆಯ ತುಂಡುಗಳನ್ನೂ ಟಿಪ್ಪಣಿಗಳನ್ನೂ ಮುಂದಿಟ್ಟುಕೊಂಡು ಬರೆಯಲು ಕೂತೆ. ಕೈಚಾಚಿದರೆ ಎರಡೂ ಗೋಡೆ ಸಿಗುವ ಕೋಣೆಯಲ್ಲಿ ಕೂತು ಅಷ್ಟು ದೊಡ್ಡ ಬಂಗಲೆಯ ವರ್ಣನೆ ಮಾಡುವುದು ನನಗೇ ತಮಾಷೆಯಾಗಿ ಕಾಣುತ್ತಿತ್ತು.

ಬ್ರಿಟಿಷರು ತಮ್ಮ ಸೈನ್ಯದ ಮುಖ್ಯಸ್ಥನಿಗೆ ಕಟ್ಟಿಸಿದ ಮನೆ ಅದು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಪ್ರಧಾನಿಯವರ ಅಧಿಕೃತ ನಿವಾಸವಾಯಿತು. ಗೋಡೆಗಳ ಮೇಲಿದ್ದ ಬಿಳಿ ದಂಡನಾಯಕರ ಚಿತ್ರಗಳನ್ನೆಲ್ಲ ಇಳಿಸಿದರಂತೆ. ಮುಂದಿನ ವೃತ್ತದಲ್ಲಿ ಮೂವರು ಸೈನಿಕರ ಪ್ರತಿಮೆಗಳಿವೆ. ಅವರಲ್ಲಿ ಒಬ್ಬ ನಮ್ಮ ಮೈಸೂರು ಸಂಸ್ಥಾನದ ಸವಾರ. ಇದನ್ನು ಬರೆಯುವಾಗ ನನಗೆ ಎದೆ ಉಬ್ಬಿತ್ತು. ಅಂಥ ಸಂಗತಿಗಳನ್ನೆಲ್ಲ ಪೋಣಿಸಿ ಇಪ್ಪತ್ತು ಹಾಳೆ ತುಂಬಿಸಿದ್ದೆ.

ಈಗ ಮುನಿಯಪ್ಪನವರ ಮನೆಯ ವಿಷಯ ಹೇಳಬೇಕು. ಅವರಿಗೆ ವೆಂಕಟಪ್ಪ ಎಂಬ ಅಣ್ಣ ಇದ್ದರು. ಇಪ್ಪತ್ತೆಂಟು ವರ್ಷಗಳ ಹಿಂದೆ, ಮದುವೆಯಾಗಿ ಎರಡು ವರ್ಷ ಕಳೆಯುವುದರೊಳಗೆ, ಅಪ್ಪನ ಜೊತೆ ಜಗಳವಾಡಿಕೊಂಡು ಮನೆ ಬಿಟ್ಟಿದ್ದರು ಎಂದು ಊರಿನವರು ಹೇಳುತ್ತಿದ್ದರು. ಕೆಂಗೇರಿ ಕಡೆಯ ಕಲ್ಲುಕೆಲಸದವರ ಒಂದು ಗುಂಪು ಉತ್ತರಕ್ಕೆ ಹೊರಟಿತ್ತು, ಅದರ ಜೊತೆ ಸೇರಿಕೊಂಡರು. ಆಮೇಲೆ ಬಂದದ್ದು ಒಂದೇ ಒಂದು ಕಾರ್ಡು, ಅದೂ ಯಾರಿಂದಲೋ ಬರೆಸಿದ್ದು. ದೆಹಲಿಯಲ್ಲಿ ದಂಡಿನ ದೊಡ್ಡ ದೊರೆಗೆ ಬಂಗಲೆ ಕಟ್ಟುತ್ತಿದ್ದೇವೆ, ಕೆಲಸ ಮುಗಿದ ಮೇಲೆ ಬರುತ್ತೇನೆ ಎಂದಿತ್ತು. ಬರಲಿಲ್ಲ.

ಅವರ ಹೆಂಡತಿ ನಂಜಮ್ಮ ಅದೇ ಮನೆಯಲ್ಲಿ ಉಳಿದರು. ಮಕ್ಕಳಿರಲಿಲ್ಲ. ಮುನಿಯಪ್ಪನವರ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಾಗ ಆ ಹಸುಗೂಸು ಲಕ್ಷ್ಮಿಯನ್ನು ಮಡಿಲಿಗೆ ಹಾಕಿಕೊಂಡವರು ಅವರೇ. ಹುಡುಗಿ ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು ಅಷ್ಟೇ. ತಾಯಿ ಎಂದರೆ ಅವಳಿಗೆ ಬೇರೆ ಯಾರೂ ಗೊತ್ತಿರಲಿಲ್ಲ. ನಂಜಮ್ಮ ದಿನಾ ಹಣೆತುಂಬ ಕುಂಕುಮ ಇಡುತ್ತಿದ್ದರು, ಕೈತುಂಬ ಬಳೆ ತೊಡುತ್ತಿದ್ದರು. ನಾನು ಬರೆಯುತ್ತಿರುವುದು ತಮ್ಮ ಯಜಮಾನರು ಕೆಲಸ ಮಾಡಿದ ಬಂಗಲೆಯ ಬಗ್ಗೆಯೇ ಎಂದು ತಿಳಿದ ದಿನ, ನೀರಿನ ಕೊಡ ಇಳಿಸಿದವರು ಅದನ್ನು ಒಳಗೆ ಒಯ್ಯುವುದನ್ನೇ ಮರೆತು ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟರು. ‘ನಮ್ಮನೆಯವ್ರು ಕಟ್ಟಿದ್ ಮನೇಲಾ ಪ್ರಧಾನಿಗಳು ಇರೋದು?’ ಎಂದು ಮೂರು ಸಲ ಕೇಳಿದರು.

ಲಕ್ಷ್ಮಿಗೆ ಕೆಂಗೇರಿಯಲ್ಲಿ ಗಂಡು ಗೊತ್ತಾಯಿತು. ಒಳ್ಳೆಯ ಮನೆ. ಆದರೆ ಹುಡುಗನ ತಾತ, ಹಳೆಯ ಕಾಲದ ಹಿರಿಯರು, ಒಂದು ಮಾತು ಎತ್ತಿದರು. ಹನ್ನೆರಡು ವರ್ಷ ಸುದ್ದಿಯಿಲ್ಲದವರನ್ನು ಹೋದವರೆಂದೇ ತಿಳಿದು, ಹುಲ್ಲಿನ ಗೊಂಬೆ ಮಾಡಿ ಸುಟ್ಟು, ಕರ್ಮ ಮುಗಿಸುವುದು ಪದ್ಧತಿ. ಇಲ್ಲಿ ಇಪ್ಪತ್ತೆಂಟು ವರ್ಷವಾದರೂ ಮಾಡಿಲ್ಲ. ನಂಜಮ್ಮ ಮುತ್ತೈದೆಯೋ ಅಲ್ಲವೋ? ಹೆಣ್ಣಿಗೆ ಮೊದಲ ಅರಿಶಿನ ಹಚ್ಚಿ ಹಸೆಗೆ ಕರೆತರುವವರು ಅವರೇ ಆದರೆ ನಾಳೆ ನಾಲ್ಕು ಜನ ಏನಾದರೂ ಅಂದಾರು. ಮುಂಚೆಯೇ ಇತ್ಯರ್ಥವಾಗಲಿ ಎಂಬುದು ಅವರ ಮಾತು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

‘ಅವ್ರು ಸತ್ತಿದ್ದನ್ನ ಯಾರು ಕಂಡವ್ರೆ? ಕಂಡೋರು ಬಂದು ಹೇಳ್ಲಿ, ಬಳೆ ಒಡೀತೀನಿ’ ಎಂದು ನಂಜಮ್ಮ ಒಳಗೆ ಹೋದರು. ‘ದೊಡ್ಡಮ್ಮ ಅರಿಶಿನ ಹಚ್ಚದೇ ಇದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ’ ಎಂದು ಹುಡುಗಿ ಹಟ ಹಿಡಿದಳು. ಪಾಪ, ಮುನಿಯಪ್ಪನವರು ನಡುವೆ ಸಿಕ್ಕಿ ಒದ್ದಾಡಿದರು. ಚಪ್ಪರಕ್ಕೆ ಹತ್ತು ದಿನ ಉಳಿದಿತ್ತು.

ಆಗ ಅವರಿಗೆ ನನ್ನ ಹಾಳೆಗಳ ನೆನಪಾಯಿತು. ‘ಮೇಷ್ಟ್ರೇ, ಆ ಮನೆ ಚರಿತ್ರೆ ಪೂರ್ತಿ ನಿಮ್ಮ ಹತ್ರ ಐತಲ್ಲ. ಚರಿತ್ರೆ ಅಂದ್ಮೇಲೆ ಕಟ್ಟಿದೋರ ಹೆಸರು ಇರಲ್ವಾ? ಯಾರು ಊರಿಗೆ ಬಂದ್ರು, ಯಾರು ಅಲ್ಲೇ ಉಳಿದ್ರು, ಎಲ್ಲ ಬರೆದಿರ್ತಾರಲ್ಲ. ಬೀಗರು ಭಾನುವಾರ ಬರ್ತಾವ್ರೆ. ಅವರ ಮುಂದೆ ಒಂದ್ಸಲ ಓದ್ಬಿಡಿ’ ಎಂದರು.

ಮನೆಯ ಚರಿತ್ರೆ ಎಂದರೆ ಕಟ್ಟಿದವರ ಚರಿತ್ರೆ ಎಂದು ಅವರು ಸಹಜವಾಗಿಯೇ ತಿಳಿದಿದ್ದರು. ನನ್ನ ಇಪ್ಪತ್ತು ಹಾಳೆಗಳಲ್ಲಿ ಎಷ್ಟು ಕೋಣೆ, ಯಾವ ದೊರೆ, ಊಟದ ಹಜಾರ ಎಷ್ಟು ದೊಡ್ಡದು ಎಲ್ಲ ಇತ್ತು. ಒಂದು ಕಲ್ಲು ಹೊತ್ತವನ ಹೆಸರಿರಲಿಲ್ಲ. ಇರಬೇಕಿತ್ತು ಎಂದು ನನಗೆ ಹೊಳೆದೂ ಇರಲಿಲ್ಲ. ನಾಚಿಕೆಯಾಯಿತು. ಹೆಸರುಗಳಿಲ್ಲ ಎಂದು ಎಷ್ಟು ಹೇಳಿದರೂ ಮುನಿಯಪ್ಪನವರು ಒಪ್ಪಲಿಲ್ಲ. ಸರಿ, ಓದಿಯೇಬಿಡುತ್ತೇನೆ, ಅವರೇ ಕೇಳಿ ತಿಳಿಯಲಿ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಒಳ್ಳೆಯ ಬಿಸಿಲು. ಜಗಲಿಯ ಮೇಲೆ ಚಾಪೆ ಹಾಸಿ ಹುಡುಗನ ತಾತ ಮತ್ತು ಮುನಿಯಪ್ಪ ಕೂತಿದ್ದರು. ಹೊಸ್ತಿಲ ಒಳಗಡೆ ನಂಜಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು, ಪಕ್ಕದಲ್ಲಿ ಲಕ್ಷ್ಮಿ. ನಾನು ಕಂಬಕ್ಕೆ ಒರಗಿ ಓದತೊಡಗಿದೆ. ನನಗೆ ಜ್ವರವಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ. ಮುದ್ದೆ ಉಂಡಿದ್ದೆ, ಅಷ್ಟೇ. ಇದನ್ನು ಯಾಕೆ ಹೇಳುತ್ತೇನೆಂದರೆ, ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ನಾನು ಮೊದಲು ಕೇಳುತ್ತಿದ್ದುದು ಇದನ್ನೇ.

ಹನ್ನೊಂದನೆಯ ಹಾಳೆ ಮನೆಯ ಹಿಂದಿನ ತೋಟದ್ದು. ಹುಲ್ಲುಹಾಸು, ಗುಲಾಬಿ ಗಿಡಗಳು, ಎದುರಿನ ಮರಗಳ ಸಾಲು. ಅದನ್ನು ಓದುತ್ತಾ ಹೋದೆ. ಸಾಲುಗಳು ಮುಂದುವರಿದವು, ನಾನೂ ಮುಂದುವರಿದೆ. ನನ್ನದೇ ನೀಲಿ ಶಾಯಿ, ನನ್ನದೇ ಅಕ್ಷರ. ‘ಳ’ ಬರೆಯುವಾಗ ನಾನು ಬಾಲವನ್ನು ಸ್ವಲ್ಪ ಉದ್ದ ಎಳೆಯುತ್ತೇನೆ. ಅದೂ ಹಾಗೆಯೇ ಇತ್ತು. ಓದಿದ್ದು ಹೀಗೆ: ಹಿತ್ತಿಲ ಗೋಡೆಯ ಕೆಲಸ ಮುಗಿಯುತ್ತಾ ಬಂದಾಗ ಕೂಲಿಯವರ ಗುಡಿಸಲುಗಳಲ್ಲಿ ಜ್ವರ ಕಾಣಿಸಿಕೊಂಡಿತು. ಅತ್ತಿಗುಪ್ಪೆಯ ವೆಂಕಟಪ್ಪ ಒಂಬತ್ತು ದಿನ ಮಲಗಿದ್ದು ತೀರಿಕೊಂಡ. ಅಲ್ಲಿ ತಿಂಗಳಿತ್ತು, ತಿಥಿಯೂ ಇತ್ತು. ಮಲಗಿದ್ದಷ್ಟೂ ದಿನ ಅವನು ಜೊತೆಯವರಿಗೆ ಹೇಳುತ್ತಿದ್ದುದು ಒಂದೇ ಮಾತು: ‘ಅವತ್ತು ರಾತ್ರಿ ಕರು ಕಟ್ಟದೆ ಮಲಗಿದವನು ನಾನೇ. ನಂಜಿಯದು ಏನೂ ತಪ್ಪಿಲ್ಲ. ಊರಿಗೆ ಹೋದವರು ಅವಳಿಗೆ ಹೇಳಿ.’

ಓದುವಾಗ ನನಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಇಂದಿಗೂ ನನಗೆ ಹೆದರಿಕೆ ಹುಟ್ಟಿಸುವುದು ಇದೇ. ಬರೆದದ್ದನ್ನು ಓದುವ ಹಾಗೆ ಓದಿ, ಹಾಳೆ ಮಗುಚಿ, ಹನ್ನೆರಡನೆಯದರಲ್ಲಿ ಕಾರಂಜಿಯ ವಿಷಯಕ್ಕೆ ಹೋಗಿದ್ದೆ. ಅವರೆಕಾಯಿ ಸುಲಿಯುವ ಸದ್ದು ನಿಂತದ್ದು ಗೊತ್ತಾಗಿ ತಲೆಯೆತ್ತಿದೆ. ಲಕ್ಷ್ಮಿ ದೊಡ್ಡಮ್ಮನ ತೋಳನ್ನು ಎರಡೂ ಕೈಯಿಂದ ಹಿಡಿದಿದ್ದಳು. ಮುನಿಯಪ್ಪನವರ ಬಾಯಿ ತೆರೆದಿತ್ತು.

‘ಮೇಷ್ಟ್ರೇ, ಆ ಹಿಂದಿನ ಹಾಳೆ ಇನ್ನೊಂದು ಸಲ ಓದಿ’ ಎಂದರು ತಾತ, ಬಹಳ ಮೆಲ್ಲಗೆ.

ಹಿಂದಕ್ಕೆ ತಿರುಗಿಸಿದೆ. ಹುಲ್ಲುಹಾಸು, ಗುಲಾಬಿ, ಮರಗಳ ಸಾಲು. ಅಲ್ಲಿಗೆ ಹಾಳೆ ಮುಗಿದಿತ್ತು. ಹತ್ತನೆಯದನ್ನು ನೋಡಿದೆ, ಹನ್ನೆರಡನೆಯದನ್ನು ನೋಡಿದೆ, ಇಪ್ಪತ್ತನ್ನೂ ಜಗಲಿಯ ಮೇಲೆ ಹರಡಿ ನೋಡಿದೆ. ಎಲ್ಲಿಯೂ ಇರಲಿಲ್ಲ. ತಾತ ಕೂಲಿಮಠದಲ್ಲಿ ಓದಿದವರು; ಕನ್ನಡಕ ಹಾಕಿಕೊಂಡು ಹನ್ನೊಂದನೆಯ ಹಾಳೆಯನ್ನು ಬೆರಳಿಟ್ಟು ಓದಿದರು.

‘ಏನ್ ಮೇಷ್ಟ್ರೇ, ಹುಡುಗಾಟ ಆಡ್ತೀರಾ? ನಮ್ಮಣ್ಣನ ವಿಷಯ ಹುಡುಗಾಟಾನಾ?’ ಎಂದು ಮುನಿಯಪ್ಪ ಎದ್ದು ನಿಂತರು. ಅಷ್ಟು ಸಾಧು ಮನುಷ್ಯನ ಕಣ್ಣು ಕೆಂಪಾಗಿತ್ತು.

‘ನಾನು ಓದಿದ್ದು ನಿಜ. ಹಾಳೆಯಲ್ಲಿ ಇಲ್ಲ’ ಎಂದೆ.

ಎಲ್ಲರೂ ತಾತನ ಮುಖ ನೋಡಿದರು. ಓದಿದ್ದು ಲೆಕ್ಕಕ್ಕೆ ಬಂದರೆ ಅದು ಸಾವಿನ ಸುದ್ದಿ. ಮನೆಗೆ ಸೂತಕ, ಮದುವೆ ನಿಲ್ಲುತ್ತದೆ, ನಂಜಮ್ಮನ ಹಣೆ ಬರಿದಾಗುತ್ತದೆ, ಹುಡುಗಿ ಹಟ ಬಿಡುವವಳಲ್ಲ. ತಾತ ಹಾಳೆಯನ್ನು ಮಡಿಸದೆ ಹಾಗೆಯೇ ನನ್ನ ಕೈಗೆ ಕೊಟ್ಟು ಕನ್ನಡಕ ತೆಗೆದರು.

‘ನಂಗೆ ಕಿವಿ ಮಂದ ಮುನಿಯಪ್ಪ. ಮೇಷ್ಟ್ರು ತೋಟದ ವಿಷಯ ಓದಿದ್ರು, ನಂಗೆ ಕೇಳಿಸಿದ್ದು ಅಷ್ಟೇ. ಕಾಗದದಲ್ಲೂ ಅಷ್ಟೇ ಐತೆ. ಆಯಮ್ಮ ಏನಂತಾರೆ ಕೇಳು’ ಎಂದರು. ಆ ಮುದುಕರ ದೊಡ್ಡತನವನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ.

ನಂಜಮ್ಮ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಮತ್ತೆ ಕಾಯಿ ಸುಲಿಯತೊಡಗಿ, ‘ಬೀಗರು ಹೇಳಿದ್ದೇ ಸರಿ. ಕಾಗದದಲ್ಲಿ ಇಲ್ಲ ಅಂದ್ರೆ ಇಲ್ಲ. ಲಕ್ಷ್ಮೀ, ತಾತಂಗೆ ಎಲೆ ಅಡಿಕೆ ತಂದು ಕೊಡು’ ಎಂದರು.

ಮದುವೆ ನಡೆಯಿತು. ನಂಜಮ್ಮ ಹಸಿರು ಬಳೆ ತೊಟ್ಟು, ಹುಡುಗಿಗೆ ಮೊದಲ ಅರಿಶಿನ ಹಚ್ಚಿ, ಕೈಹಿಡಿದು ಹಸೆಗೆ ಕರೆತಂದರು. ನಾನು ಚಪ್ಪರದ ಮೂಲೆಯಲ್ಲಿ ನಿಂತು ನೋಡಿದೆ. ಎಲ್ಲೂ ಕೈ ತಪ್ಪಲಿಲ್ಲ, ಮುಖ ಬಾಡಲಿಲ್ಲ. ಆ ಭಾನುವಾರದಿಂದ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಅವರ ಎದುರು ಬೀಳದ ಹಾಗೆ ತಪ್ಪಿಸಿಕೊಂಡು ಓಡಾಡಿದ್ದೆ. ಎಲ್ಲ ಬರೀ ಭ್ರಮೆ, ಅವರೂ ಹಾಗೆಯೇ ತಿಳಿದಿದ್ದಾರೆ ಎಂದು ಅಂದು ನನಗೆ ಧೈರ್ಯ ಬಂತು.

ಲಕ್ಷ್ಮಿಯನ್ನು ಕೆಂಗೇರಿಗೆ ಕಳಿಸಿಕೊಟ್ಟ ಮಾರನೆಯ ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ನಂಜಮ್ಮ ಬಂದು ಎದುರಿಗೆ ಕೂತರು. ತಲೆಗೆ ಸ್ನಾನ ಮಾಡಿದ್ದರು. ಹಣೆಯಲ್ಲಿ ಕುಂಕುಮವಿರಲಿಲ್ಲ, ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ. ಯಾರೂ ಹೇಳದೆ, ಯಾರನ್ನೂ ಕೇಳದೆ ಅವರೇ ತೆಗೆದಿದ್ದರು.

‘ಅಮ್ಮಾ, ನನ್ನ ಬಾಯಿಂದ ಇಂಥದ್ದು...’ ಎಂದೆ.

‘ನೀವೇನ್ ಮಾಡಿದ್ರಿ? ಓದಿದ್ರಿ. ಆ ಮಗೂನ ದಡ ಸೇರಿಸ್ಬೇಕಾಗಿತ್ತು, ಅದಕ್ಕೆ ಬಾಯಿ ಮುಚ್ಕೊಂಡಿದ್ದೆ. ದೇವ್ರು ನನ್ನ ತಪ್ಪು ಅಂದ್ರೆ ಅನ್ಲಿ’ ಎಂದರು. ಆಮೇಲೆ ಕೇಳಿದರು: ‘ಕರು ವಿಷಯ ನಿಮಗೆ ಯಾರಾದ್ರೂ ಹೇಳಿದ್ರಾ?’

ಇಲ್ಲ ಎಂದು ತಲೆಯಾಡಿಸಿದೆ.

‘ಅಪ್ಪನ ಹತ್ರ ಜಗಳ ಆಡಿ ಹೋದ್ರು ಅಂತ ಊರೆಲ್ಲ ಅಂತಾರೆ. ಅಲ್ಲ ಮೇಷ್ಟ್ರೇ. ಸಂಜೆ ಕರು ಕಟ್ಟೋದು ಅವ್ರ ಕೆಲಸ, ಬೆಳಿಗ್ಗೆ ಹಾಲು ಕರೆಯೋದು ನಂದು. ಅವತ್ತು ಬೆಳಿಗ್ಗೆ ಕರು ಬಿಚ್ಕೊಂಡು ಹಾಲೆಲ್ಲ ಕುಡಿದ್ಬಿಟ್ಟಿತ್ತು. ನಾನು ಕಟ್ಟಿದ್ದೆ, ನೀನೇ ಹುಲ್ಲು ಹಾಕೋವಾಗ ಹಗ್ಗ ಸಡಿಲ ಮಾಡಿದೀಯ ಅಂತ ನಮ್ಮತ್ತೆ ಎದುರಿಗೇ ಕೂಗಾಡಿದ್ರು. ಒಂದ್ ಹೊತ್ತಿನ ಹಾಲಿಗೆ ಗಂಡಸು ಹಿಂಗೆ ಕೂಗಾಡ್ತಾನಾ ಅಂತ ನಾನೂ ಅಂದ್ಬಿಟ್ಟೆ. ಅವತ್ತೇ ಹೋದ್ರು. ಅತ್ತೆ ಹೋಗಿ ಎಷ್ಟೋ ವರ್ಷ ಆಯ್ತು, ಬೇರೆ ಯಾರಿಗೂ ಗೊತ್ತಿಲ್ಲ. ನಾನೇ ಹಗ್ಗ ಸಡಿಲ ಮಾಡಿದ್ನೇನೋ, ನನ್ ಬಾಯಿಂದಾನೇ ಮನೆ ಬಿಟ್ರೇನೋ ಅಂತ ಇಪ್ಪತ್ತೆಂಟು ವರ್ಷ ನೆನೆಸ್ಕೊಂಡು ನೆನೆಸ್ಕೊಂಡು ಕೂತಿದೀನಿ.’

ಇಷ್ಟು ಹೇಳಿ ಅವರು ಇದ್ದಕ್ಕಿದ್ದ ಹಾಗೆ ನಕ್ಕುಬಿಟ್ಟರು. ‘ನೋಡಿ, ಹೆಂಗವ್ರೆ! ತಾವು ಕಟ್ಟದೆ ಮಲಗಿ, ನನ್ ಮೇಲೆ ಹಾಕಿ ಹೊರಟುಹೋಗವ್ರೆ!’ ಎಂದರು. ಹೊಸದಾಗಿ ಮದುವೆಯಾದ ಹೆಂಗಸು ಗಂಡನ ಮೇಲೆ ದೂರು ಹೇಳುವ ದನಿ ಅದು. ನಗುತ್ತಲೇ ಅಳತೊಡಗಿದರು. ನಾನೂ ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ತಿಥಿ ಯಾವುದೆಂದು ಓದಿದಿರಿ ಎಂದು ಕೇಳಿದರು. ಗಂಡನ ಹೆಸರು ಕೇಳಿದ ಕೂಡಲೇ ಕಿವಿ ಗುಂಯ್ ಎಂದು ಆ ಒಂದು ಮಾತು ಅವರಿಗೆ ಕೇಳಿಸಿರಲಿಲ್ಲ. ನನಗೆ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಮುನಿಯಪ್ಪನವರನ್ನು ಕರೆದು ಕೇಳಿದೆವು. ಅವರು ಷಷ್ಠಿ ಎಂದು ಶುರುಮಾಡಿ, ದಶಮಿ ಇರಬಹುದು ಎಂದು ನಿಲ್ಲಿಸಿದರು. ಕೊನೆಗೆ ನಂಜಮ್ಮ ‘ಅದನ್ನ ಇನ್ನೊಂದ್ಸಲ ಓದಿ ನೋಡಿ ಮೇಷ್ಟ್ರೇ’ ಎಂದರು. ಹಾಳೆ ತಂದು ಗಟ್ಟಿಯಾಗಿ ಓದಿದೆ. ಹುಲ್ಲುಹಾಸು, ಗುಲಾಬಿ, ಮರಗಳ ಸಾಲು. ಅವರು ಕೊನೆಯವರೆಗೂ ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಓದಿದೆ. ಅಷ್ಟೇ ಇತ್ತು.

‘ಹೋಗ್ಲಿ ಬಿಡಿ’ ಎಂದು ಎದ್ದರು. ‘ದಿನ ಗೊತ್ತಿಲ್ದೋರಿಗೆ ಮಹಾಲಯ ಅಮಾವಾಸ್ಯೆ ಐತಲ್ಲ. ಹೇಳ್ಬೇಕಾದ್ದು ಹೇಳವ್ರೆ.’

ಪುಸ್ತಕ ಅಚ್ಚಾಗುವ ಮುಂಚೆ, ಆ ಮನೆ ಕಟ್ಟಿದವರಲ್ಲಿ ಅತ್ತಿಗುಪ್ಪೆಯ ವೆಂಕಟಪ್ಪ ಎಂಬವರೂ ಒಬ್ಬರು ಎಂದು ಒಂದು ವಾಕ್ಯ ಸೇರಿಸಿದೆ. ಆಧಾರವಾಗಿ ಕಾರ್ಡು ಇತ್ತು. ಉಳಿದದ್ದಕ್ಕೆ ನನ್ನ ಬಳಿ ಯಾವ ಆಧಾರವೂ ಇಲ್ಲ. ಯಾರೋ ಹೇಳಿದ್ದು ಮನಸ್ಸಿನಲ್ಲಿ ಉಳಿದು ಬಾಯಿಗೆ ಬಂದಿರಬೇಕು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಕರು ಕಟ್ಟಲಿಲ್ಲ ಎಂಬುದು ನಂಜಮ್ಮನಿಗೇ ಗೊತ್ತಿರಲಿಲ್ಲವಲ್ಲ. ನನಗೆ ಯಾರು ಹೇಳಬೇಕು? ಆ ಹೆಂಗಸು ಇಪ್ಪತ್ತೆಂಟು ವರ್ಷ ಹೊತ್ತುಕೊಂಡಿದ್ದ ತಪ್ಪು ಅವರದಲ್ಲ ಎಂಬ ಮಾತು ಆ ಮಧ್ಯಾಹ್ನ ನನ್ನ ಬಾಯಿಂದ ಬಂತು. ಅದನ್ನು ಹೇಳಿದವನು ನಾನಲ್ಲ. ಯಾರು ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ.